ಬೂಟು ಹತ್ತಿದ ಹಕ್ಕಿ

ಪೂರ್ವದ ಗಾಳಿ ಎದ್ದರೆ ಫೂಲಾ ದ್ವೀಪಕ್ಕೆ ಎರಡು ಬಗೆಯ ಜೀವಿಗಳು ಬಂದು ಬೀಳುತ್ತವೆ: ದಾರಿ ತಪ್ಪಿದ ಹಕ್ಕಿಗಳು, ಅವುಗಳನ್ನು ನೋಡಲೆಂದೇ ಬೆನ್ನು ಹತ್ತಿದ ಮನುಷ್ಯರು. ಹಕ್ಕಿಗಳಾದರೂ ಓಸ್ಲಾಳ ಸೊಪ್ಪಿನ ಮಡಿ ತುಳಿಯುವುದಿಲ್ಲ. ಆ ಅಕ್ಟೋಬರಿನಲ್ಲಿ ಮಾತ್ರ ತುಳಿಯುವವರನ್ನು ಕರೆತಂದವನು ಅವಳ ಗಂಡನೇ, ಗಿಡಿಯನ್.

"ಇಲಿ ಥರ ಓಡ್ತು ಕಣೇ. ನನ್ನ ಬೂಟು ಹತ್ತಿ ಇಳೀತು. ಆದ್ರೆ ಹಕ್ಕಿ. ಎದೆ ಮೇಲೆಲ್ಲ ಸಣ್ಣ ಸಣ್ಣ ಗೀರು," ಎಂದು ಮಡಿಯಿಂದ ಬಂದವನೇ ಅವಳಿಗೆ ಹೇಳಿದ್ದ.

ಹತ್ತಾರು ಜನ ದುರ್ಬೀನು ಹಿಡಿದು ಬಂದು ಮಡಿಯ ಕಲ್ಲುಗೋಡೆಯ ಸುತ್ತ ಸಂಜೆಯವರೆಗೆ ನಿಂತರು. ಹೊರಬಂದದ್ದು ಒಂದು ಇಲಿ. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಪ್ರತಿವರ್ಷ ಬರುವ ಹೇಜಲ್ ಅವನ ಭುಜ ತಟ್ಟಿ, "ಗಾಳಿ ಜೋರಿತ್ತಲ್ಲ ತಾತ, ಯಾರಿಗಾದ್ರೂ ಹಂಗೆ ಕಾಣ್ಸತ್ತೆ," ಎಂದಳು. ಅವಳು ಅವನನ್ನು ತಾತ ಎಂದದ್ದು ಅದೇ ಮೊದಲು. ದನಿ ಕೇಳಿಯೇ ಹಕ್ಕಿಯ ಹೆಸರು ಹೇಳುತ್ತಿದ್ದ ಗಿಡಿಯನ್ ತಲೆಯಾಡಿಸಿ ಒಳಗೆ ಹೋದ.

ಓಸ್ಲಾಗೆ ಬೇರೆಯೇ ದಿಗಿಲು. ಗಿಡಿಯನ್‌ನ ಅಣ್ಣ ಲೌರಿಗೂ ಹೀಗೇ ಶುರುವಾಗಿತ್ತು. ಮೊದಲು ಮೆಟ್ಟಿಲ ಮೇಲೆ ಬೆಕ್ಕು ಕಂಡಿತು. ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಕೊನೆಕೊನೆಗೆ ಹೆಂಡತಿಯನ್ನೇ "ಯಾರಮ್ಮ ನೀನು?" ಎಂದು ಕೇಳುತ್ತ ಸತ್ತ.

ಎರಡು ದಿನ ಓಸ್ಲಾ ಗಂಡನನ್ನು ಕದ್ದು ಪರೀಕ್ಷೆ ಮಾಡಿದಳು. ಯಾವ ಕುರಿ ಕುಂಟುತ್ತಿತ್ತು, ಅವಳ ತಂಗಿಯ ಸೊಸೆಯ ಹೆಸರೇನು ಎಂದು ಏನೇನೋ ನೆಪ ತೆಗೆದು ಕೇಳಿದಳು. ಅವನು ಎಲ್ಲಕ್ಕೂ ಸರಿಯಾಗಿಯೇ ಉತ್ತರಿಸಿ ಮತ್ತೆ ಕಿಟಕಿಯತ್ತ ತಿರುಗುತ್ತಿದ್ದ. ಹಕ್ಕಿಯ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸಾರಿಗೆ ಸೊಪ್ಪು ಕೊಯ್ಯಲು ಮಡಿಗೆ ಹೋದಳು. ಗಾಳಿಗೆ ನಿಲ್ಲಲಾಗದೆ ಗೋಡೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಗಿಡದ ಬುಡದಿಂದ ಕಂದು ಬಣ್ಣದ್ದೊಂದು ಸರ್ರನೆ ಬಂತು. ಹಾಳು ಇಲಿ ಎಂದು ಚಾಕು ಎತ್ತಿದಳು. ಇಲಿಗೆ ಕೊಕ್ಕಿತ್ತು. ಎದೆಯ ತುಂಬ ಗೀರು. ಅದು ಅವಳ ಬೂಟು ಹತ್ತಿತು, ಅಲ್ಲೇ ನಿಂತು ಒಂದು ಹುಳ ನುಂಗಿತು, ಇಳಿದು ಸೊಪ್ಪಿನೊಳಗೆ ಹೋಯಿತು.

ಓಸ್ಲಾ ಕೆಸರಿನಲ್ಲೇ ಕೂತು ಮನಸಾರೆ ಅತ್ತಳು. ಹೋದ ಜೀವ ಬಂದಂತಾಗಿತ್ತು. ಆಮೇಲೆ ಸೊಪ್ಪು, ಚಾಕು ಎಲ್ಲ ಅಲ್ಲೇ ಬಿಟ್ಟು ಒಳಗೆ ಓಡಿದಳು.

"ಇದೆ ಕಣೋ. ಈಗ ನನ್ನ ಬೂಟೂ ಹತ್ತಿತು."

ಗಿಡಿಯನ್ ಚಹಾದ ಲೋಟ ಕೆಳಗಿಟ್ಟ. "ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ನಿನ್ನ ಸಮಾಧಾನಕ್ಕೆ ನಾನು ಯಾವತ್ತು ಏನು ಹೇಳಿದೀನಿ ಮುದುಕ?"

ಅದು ನಿಜವೇ. ಅವನಿಗೆ ನಂಬಿಕೆ ಬಂತು. ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ನನಗೂ ಲೌರಿಯ ಬೆಕ್ಕೇ ಕಣ್ಮುಂದೆ ಬರ್ತಿತ್ತು," ಎಂದ. "ರಾತ್ರಿ ನಿನ್ನ ಹೆಸರು ಹೇಳ್ಕೊಂಡೇ ಮಲಗ್ತಿದ್ದೆ. ಬೆಳಿಗ್ಗೆ ಏಳೋ ಹೊತ್ತಿಗೆ ಮರೆತುಹೋದ್ರೆ ಅಂತ."

ಓಸ್ಲಾ ಕೆಸರುಗೈಯಲ್ಲೇ ಅವನ ಗಲ್ಲ ಹಿಡಿದಳು. "ಎಲ್ಲಿ, ಈಗ ಹೇಳು ನೋಡೋಣ."

"ಓಸ್ಲಾ," ಎಂದ ಗಿಡಿಯನ್.