ಅಜ್ಜಿಯ ಮಗ್ಗುಲು

ಗುಬ್ಬಿ ಹತ್ತಿರದ ಒಂದೂರಲ್ಲಿ ಸಿದ್ದಲಕ್ಷ್ಮಮ್ಮನ ಅತ್ತೆ ಗಿರಿಯಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಸೊಸೆ ಸೇವೆಯಲ್ಲಿ ಚೂರೂ ಕಡಿಮೆ ಮಾಡಿರಲಿಲ್ಲ. ಊಟ ಕಲಸಿ ಬಾಯಿಗಿಡುತ್ತಿದ್ದಳು, ದಿನಾ ಮೈ ಒರೆಸುತ್ತಿದ್ದಳು. ಮಗ್ಗುಲು ಮಾತ್ರ ಬದಲಿಸುತ್ತಿರಲಿಲ್ಲ. ಬಲಮಗ್ಗುಲಾದರೆ ಮುಖ ದೇವರ ಗೂಡಿನ ಕಡೆ. ಎಡಕ್ಕೆ ಹೊರಳಿಸಿದರೆ ದೇವರಿಗೆ ಬೆನ್ನು. ಅದೆಲ್ಲಾದರೂ ಉಂಟೇ!

ದಸರಾ ರಜೆಗೆ ಮಗಳು ಯಶಸ್ವಿನಿ ತುಮಕೂರಿನಿಂದ ಬಂದಳು. ನರ್ಸಿಂಗ್ ಸೇರಿ ಇನ್ನೂ ಹೊಸತು. ಬಂದವಳೇ ಸೋಪು ಹಾಕಿ ಕೈ ತೊಳೆದು, ಅಜ್ಜಿಯ ಸೀರೆ ಸರಿಸಿ ನೋಡಿದಳು. ಬಲ ಸೊಂಟದ ಮೂಳೆಯ ಮೇಲೆ ಕಪ್ಪುಗೆಂಪು ಕಲೆ. ಬೆರಳಲ್ಲಿ ಒತ್ತಿದರೂ ಬಣ್ಣ ಮಾಸಲಿಲ್ಲ.

"ಅಮ್ಮ, ಇದು ಹಾಸಿಗೆ ಹುಣ್ಣು ಶುರುವಾಗೋ ಗುರುತು. ಚರ್ಮ ಒಡುದ್ರೆ ಕೀವಾಗುತ್ತೆ, ನಂಜೇರಿದ್ರೆ ಜೀವಕ್ಕೇ ಕುತ್ತು."

"ಅಯ್ಯೋ, ದಿನಾ ಎಣ್ಣೆ ಹಾಕಿ ತಿಕ್ತಾನೇ ಇದೀನಲ್ಲೇ!"

"ಕಲೆ ಇರೋ ಕಡೆ ತಿಕ್ಲೇಬಾರ್ದು ಕಣಮ್ಮ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು."

ಸಿದ್ದಲಕ್ಷ್ಮಮ್ಮನಿಗೆ ರೇಗಿತು. "ನೆನ್ನೆ ಮೊನ್ನೆ ಕಾಲೇಜು ಮೆಟ್ಲು ಹತ್ತಿದೋಳು ನಂಗೇ ಹೇಳ್ಕೊಡಕ್ ಬಂದ್ಬುಟ್ಳು! ದೇವ್ರಿಗೆ ಬೆನ್ನು ಹಾಕಿ ಮಲಗ್ಸದಾ? ನಿಮ್ಮಜ್ಜಿನೇ ಒಪ್ಪಲ್ಲ ಬುಡು."

"ಅಜ್ಜೀನ ಕೇಳಿದ್ಯಾ?"

ಕೇಳಿರಲಿಲ್ಲ. ಯಶಸ್ವಿನಿಯೇ ಮಂಚದ ಪಕ್ಕ ಕೂತು ಕೇಳಿದಳು. "ನೋಯುತ್ತಾ ಅಜ್ಜಿ?"

ಮುದುಕಿಯ ಕಣ್ಣು ತುಂಬಿತು. "ಉರೀತದೆ ಕಣವ್ವ," ಎಂದು ತೊದಲಿದಳು. "ಆದ್ರೆ ಸ್ವಾಮಿ ಕಡೆ ಬೆನ್ನು ಬ್ಯಾಡ."

ಯಶಸ್ವಿನಿ ವಾದಕ್ಕೆ ನಿಲ್ಲಲಿಲ್ಲ. ಕಾಯಿಲೆಯನ್ನಷ್ಟೇ ನೋಡಬೇಡಿ, ಮಲಗಿರುವ ಮನುಷ್ಯರನ್ನೂ ನೋಡಿ ಅಂತ ಕ್ಲಾಸಿನಲ್ಲಿ ಮೊದಲೇ ಹೇಳಿಕೊಟ್ಟಿದ್ದರು. ದಿಂಬು ತೆಗೆದು ಮಂಚದ ಇನ್ನೊಂದು ತುದಿಗೆ ಹಾಕಿದಳು.

"ಅಮ್ಮ, ಒಂದು ಕೈ ಹಿಡಿ. ಎಳೀಬೇಡ, ಎತ್ತಿ ತಿರುಗ್ಸೋಣ."

ತಲೆ ಇದ್ದಲ್ಲಿ ಕಾಲು ಬಂತು, ಕಾಲಿದ್ದಲ್ಲಿ ತಲೆ. ಈಗ ಎಡಮಗ್ಗುಲಿಗೆ ಮಲಗಿದರೂ ಅಜ್ಜಿಯ ಮುಖ ದೇವರಿಗೇ!

"ಕಲೆ ಮಾಸೋವರ್ಗೂ ಬಲಗಡೆ ಬೇಡಮ್ಮ. ಒಂದ್ಸಲ ಅಂಗಾತ, ಒಂದ್ಸಲ ಎಡಕ್ಕೆ. ನಾಳೆ ಆಸ್ಪತ್ರೆ ಸಿಸ್ಟರ್‌ಗೂ ತೋರ್ಸೋಣ."

ಆ ಮಧ್ಯಾಹ್ನ ಗಿರಿಯಮ್ಮ ಗೊರಕೆ ಹೊಡೆದು ನಿದ್ದೆ ಮಾಡಿದಳು. ಸಿದ್ದಲಕ್ಷ್ಮಮ್ಮ ಹೊಸ್ತಿಲಲ್ಲಿ ಕೂತು ಅತ್ತಳು. "ಇಷ್ಟು ದಿನ ಉರೀತಿದ್ರೂ ನಂಗೊಂದ್ ಮಾತು ಹೇಳ್ಲಿಲ್ವಲ್ಲೇ." ಇಷ್ಟು ಸೇವೆ ಮಾಡಿಯೂ ಅತ್ತೆಯ ನೋವು ತಿಳಿಯಲಿಲ್ಲವಲ್ಲ ಎಂಬ ಸಂಕಟ ಅವಳದು. ದೀಪಾವಳಿ ಹೊತ್ತಿಗೆ ಕಲೆ ಮಾಸಿತು. ಅಷ್ಟರಲ್ಲಿ ಮಗ್ಗುಲು ಬದಲಿಸುವುದರಲ್ಲಿ ಮಗಳಿಗಿಂತ ಅಮ್ಮನದೇ ಕೈ ಪಳಗಿತ್ತು.

ಹಾಸಿಗೆ ಹಿಡಿದವರು ನಿಮ್ಮ ಮನೆಯಲ್ಲೂ ಇದ್ದಾರಾ? ಮೊದಲು ಕೈ ತೊಳೆಯಿರಿ. ಮಗ್ಗುಲು ಬದಲಿಸಿ, ಬೆನ್ನು ಸೊಂಟ ಹಿಮ್ಮಡಿ ದಿನಾ ನೋಡಿ. ಕಲೆ ಕಂಡರೆ ತಿಕ್ಕದೆ ಆಸ್ಪತ್ರೆಯವರಿಗೆ ತೋರಿಸಿ. ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ, "ನೋಯುತ್ತಾ?" ಅಂತ ಕೇಳಿ. ನಿಮಗೆ ತೊಂದರೆಯಾಗುತ್ತೆ ಅಂತ ಅವರು ತಾವಾಗಿ ಬಾಯಿ ಬಿಡುವುದಿಲ್ಲ.