ಕರಡಿಯ ಹೊಟ್ಟೆಯ ಗೆರೆ

ಮಸಿ ಇನ್ನೂ ನಿಬ್ಬಿನ ತುದಿಯಲ್ಲೇ ನಿಂತಿದೆ, ಬೀಳುವುದೂ ಇಲ್ಲ, ಹಿಂದಕ್ಕೆ ಹೋಗುವುದೂ ಇಲ್ಲ, ಒರೆಸಬೇಕು, ಒರೆಸಿ ಮತ್ತೆ ಅದ್ದಬೇಕು, ಇದು ನಾಲ್ಕನೆಯ ಸಲ — ಆಚೆ ಕೋಣೆಯಲ್ಲಿ ಪ್ರಕಾಶನದ ಸಂಪಾದಕ ಕುರ್ಚಿ ಸರಿಸಿದ ಸದ್ದು, ಪಾಪ, ಬೆಳಿಗ್ಗೆಯಿಂದ ಕಾಯುತ್ತಿದ್ದಾನೆ, ಕಾಯಲಿ, ಬಾಕಿ ಇರುವುದು ಒಂದೇ ಗೆರೆ. ಕೊಡಲಿಗೆ ಮಸಿ ಆಗಿದೆ, ಕವಚಕ್ಕೆ ಆಗಿದೆ, ಹರಿದ ಕಿವಿಗೆ, ಕೆಸರಿನಲ್ಲಿ ಹೂತ ಪಾದಗಳಿಗೆ ಆಗಿದೆ, ಕರಡಿ ಸೇನಾಪತಿ ಹಾಳೆಯ ತುಂಬ ನಿಂತಿದ್ದಾಳೆ, ನಡುವೆ ಮಾತ್ರ ಮಗಳ ಪೆನ್ಸಿಲ್ಲಿನ ಬೂದು ಗೆರೆ, ನಡುಪಟ್ಟಿಯನ್ನು ದಾಟಿ ಮುಂದಕ್ಕೆ ಬಂದು, ಕೆಳಗಿಳಿದು, ಯಾವ ಅವಸರವೂ ಇಲ್ಲದೆ ಒಳಕ್ಕೆ ತಿರುಗುವ ಹೊಟ್ಟೆಯ ಗೆರೆ. ಅವಳು ಪೆನ್ಸಿಲ್ಲಿನಲ್ಲಿ ಬರೆಯುವುದು, ನಾನು ಅದರ ಮೇಲೆ ಮಸಿ ಹಾಕುವುದು, ಒಂಬತ್ತು ವರ್ಷ, ನಾಲ್ಕು ಪುಸ್ತಕ, ಇದು ಐದನೆಯದರ ಮುಖಪುಟ, ಅವಳು ಹೋಗಿ ಎರಡು ತಿಂಗಳಾಯಿತು. ಬೆಳಿಗ್ಗೆ ಬಂದವನೇ ಸಂಪಾದಕ ಅಂದ, ಸೊಂಟ ಒಂದು ಬೆರಳು ಒಳಗೆ ತಗೊಳ್ಳಿ ಅಮ್ಮ, ಒಂದೇ ಬೆರಳು, ಅಂಗಡೀಲಿ ಜನ ದೂರದಿಂದ ನೋಡ್ತಾರೆ, ಯೋಧೆ ಅಂದ್ರೆ ಸ್ವಲ್ಪ ಚುರುಕಾಗಿ ಕಾಣ್ಬೇಕು, ನಮ್ಮ ಮೇಲಿನವರು ಹೇಳಿದಾರೆ. ಇಲ್ಲಾಂದ್ರೆ? ಇಲ್ಲಾಂದ್ರೆ ಮುಖಪುಟ ಬೇರೆಯವರ ಹತ್ರ ಬರೆಸ್ತೀವಿ, ಇದನ್ನ ಒಳಗೆಲ್ಲಾದ್ರೂ ಚಿಕ್ಕದಾಗಿ ಹಾಕ್ತೀವಿ, ನಿಮ್ಮ ಮಗಳ ಹೆಸರು ಹೊರಗೆ ಬರಲ್ಲ, ಅದೇ ನಂಗೆ ಬೇಜಾರು. ಬೇಜಾರು ನಿಜವೇ ಇರಬೇಕು, ಸುಳ್ಳು ಹೇಳುವ ಕಣ್ಣಲ್ಲ ಅವನದು. ಪಕ್ಕದಲ್ಲಿ ನನ್ನ ತಮ್ಮ ಬೇರೆ — ಅಕ್ಕಾ, ಒಪ್ಕೊಂಡ್ಬಿಡು, ಹೋದವಳ ಹೆಸರಾದ್ರೂ ಉಳೀಲಿ, ಒಂದು ಬೆರಳಿಗೆ ಏನು ಹಠ ನಿಂದು. ಒಂದು ಬೆರಳೇ ತಾನೇ, ಮೊದ್ಲು ನಿನ್ನ ಹೊಟ್ಟೆ ಒಳಗೆ ತಗೋ, ಆ ಅಂಗಿ ಗುಂಡಿಯಾದ್ರೂ ಉಸಿರಾಡ್ಲಿ, ಅಂದೆ. ಸಂಪಾದಕ ನಗು ನುಂಗಲು ನೀರಿನ ಲೋಟ ಎತ್ತಿಕೊಂಡ.

ತಮ್ಮನಿಗೆ ಗೊತ್ತಿಲ್ಲ, ಆ ಒಂದು ಬೆರಳನ್ನು ನಾನು ಹಿಂದೊಮ್ಮೆ ಕೊಟ್ಟಿದ್ದೇನೆ, ಯಾರೂ ಕೇಳದೆಯೇ. ಮೂವತ್ತೊಂದು ವರ್ಷ ಭೂಮಾಪನ ಕಚೇರಿಯಲ್ಲಿ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಗೆರೆ ಇಳಿಸಿದ ಕೈ ಇದು, ಮೊದಲ ದಿನವೇ ಹಿರಿಯರು ಹೇಳಿದ್ದರು, ನೋಡಮ್ಮ, ಗೆರೆ ಅಳೆದವನದು, ನಿಂದಲ್ಲ, ಹಳ್ಳ ಸೊಟ್ಟಗಿದ್ರೆ ಸೊಟ್ಟಗೇ ಇಳಿಸು, ದೇವರು ಸೊಟ್ಟಗೆ ಹರಿಸಿದ್ದನ್ನ ನೀನು ನೆಟ್ಟಗೆ ಮಾಡಿದ್ರೆ ಯಾರದೋ ಹೊಲ ಮುಳುಗುತ್ತೆ. ಮೂವತ್ತೊಂದು ವರ್ಷದಲ್ಲಿ ಒಂದು ಹಳ್ಳವನ್ನೂ ನೆಟ್ಟಗೆ ಮಾಡಲಿಲ್ಲ. ಮಗಳ ಮೊದಲ ಪುಸ್ತಕದಲ್ಲಿ ಮಾಡಿದೆ. ಇದೇ ಕರಡಿ, ಆಗಿನ್ನೂ ಬರೀ ಕಾಲಾಳು, ಹೊಟ್ಟೆ ಮುಂದಕ್ಕೆ ಬಂದದ್ದು ಪೆನ್ಸಿಲ್ ಜಾರಿ ಆದದ್ದು ಅಂದುಕೊಂಡೆ — ಇಲ್ಲ, ಈಗಲಾದರೂ ನಿಜ ಹೇಳು ಮುದುಕಿ, ಜಾರಿದ್ದಲ್ಲ ಅಂತ ನಿನಗೆ ಗೊತ್ತಿತ್ತು, ಜನ ನಕ್ಕಾರು ಅಂತ ಒಳಗೆ ತೆಗೆದುಕೊಂಡೆ, ಬೀದಿಯವರೆಲ್ಲ ಅವಳನ್ನು ಡುಮ್ಮಿ ಡುಮ್ಮಿ ಅಂತ ಕರೆದದ್ದು ಸಾಲದೆ ಅವಳ ಕರಡಿಯನ್ನೂ ಕರೆಯುವುದು ಬೇಡ ಅಂತ. ಅವಳೋ ಆ ಹೆಸರನ್ನೇ ಚಿತ್ರದ ಮೂಲೆಯಲ್ಲಿ ಸಹಿ ಮಾಡುತ್ತಿದ್ದವಳು. ಅಚ್ಚಾಗಿ ಬಂದ ಪುಸ್ತಕ ತಿರುವಿ ನೋಡಿದಳು, ಊಟ ಮಾಡಿದಳು, ಕೈ ತೊಳೆದಳು, ಕೈ ಒರೆಸುತ್ತಾ — ಅಮ್ಮ, ಊಟ ಹಾಕ್ದೇನೇ ಕಳಿಸಿಬಿಟ್ಟೆಯಲ್ಲ ಇವಳನ್ನ ಯುದ್ಧಕ್ಕೆ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬೇರೆಯವರು ಮುಖದಿಂದ ಶುರು ಮಾಡುತ್ತಾರಂತೆ, ಅವಳು ನೆಲದಿಂದ, ಮೊದಲು ಕೆಸರು, ಕೆಸರಿನಲ್ಲಿ ಪಾದ ಎಷ್ಟು ಇಳಿಯಿತು ಅನ್ನುವುದು, ಆಮೇಲೆ ಹೊಟ್ಟೆ, ಮುಖ ಕಟ್ಟಕಡೆಗೆ. ಭಾರ ಗೊತ್ತಾಗದೆ ಮುಖ ಹೇಗಮ್ಮ ಗೊತ್ತಾಗುತ್ತೆ. ಗೋದಾಮಿನ ಎದುರಿನ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕೂತು ಮೂಟೆ ಹೊರುವವರನ್ನು ಬರೆದುಕೊಂಡು ಬರುತ್ತಿದ್ದಳು, ಮನೆಗೆ ಬಂದು ಅವರಿಗೆ ನೀರಾನೆಯ ತಲೆ, ಹಂದಿಯ ತಲೆ, ಘೇಂಡಾಮೃಗದ ತಲೆ ಇಟ್ಟು ಕತ್ತಿ ಕೊಡುತ್ತಿದ್ದಳು, ಮಾರನೆಯ ದಿನ ಅವರಲ್ಲೊಬ್ಬ ಅದನ್ನು ಬಗ್ಗಿ ನೋಡಿ, ಅಕ್ಕಾ, ಹೊಟ್ಟೆ ನಂದೇ, ಮೂತಿ ಮಾತ್ರ ನಮ್ಮ ಮೇಸ್ತ್ರೀದು, ಅಂದನಂತೆ, ಅದನ್ನು ಹೇಳಿ ಹೇಳಿ ನಗುತ್ತಿದ್ದಳು, ನಕ್ಕರೆ ಅವಳು ಕೂತ ಮಂಚವೂ ಅಲುಗಬೇಕು. ನೋಡಮ್ಮ, ಎತ್ತೋರಿಗೆ ಹೊಟ್ಟೆ ಇರುತ್ತೆ, ಬರೀ ತೋಳು ತೋರಿಸೋರಿಗೆ ಇರಲ್ಲ. ನಾನು ಕಾಲು ಮುರಿದುಕೊಂಡಾಗ ಮೂರನೆಯ ಮಹಡಿಯಿಂದ ಕೆಳಕ್ಕೆ ಎತ್ತಿಕೊಂಡು ಹೋದವಳು ಅವಳೇ, ಎಲ್ಲೂ ನಿಲ್ಲಿಸದೆ, ನನ್ನ ಪಕ್ಕೆಗೆ ಅವಳ ಹೊಟ್ಟೆ ದಿಂಬಿನ ಹಾಗೆ ಆತುಕೊಂಡು, ನಡುಗಲಿಲ್ಲ, ನಾನೂ ನಡುಗಲಿಲ್ಲ. ಅಂಥವಳಿಗೆ ನಾನು ಫೋಟೋ ತೆಗೆಯುವಾಗಲೆಲ್ಲ, ಸ್ವಲ್ಪ ಉಸಿರು ಒಳಗೆ ಎಳ್ಕೊಂಡು ನಿಂತ್ಕೋ ಪುಟ್ಟಿ, ಅನ್ನುತ್ತಿದ್ದೆ. ಯಾವ ಬಾಯಲ್ಲಿ ಅಂದೆ.

ಆಸ್ಪತ್ರೆಯಲ್ಲಿ ಮೂರು ತಿಂಗಳು, ಹೊಟ್ಟೆ ಹೋಯಿತು, ತೋಳು ಹೋಯಿತು, ಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು, ತಮ್ಮನ ಹೆಂಡತಿ ನೋಡಲು ಬಂದು, ಅತ್ಗೇ, ಈಗ ಮುಖ ಎಷ್ಟು ಲಕ್ಷಣವಾಗಿ ಕಾಣ್ತಿದೆ ನೋಡಿ, ಅಂದಳು. ಕೆಟ್ಟವಳಲ್ಲ, ಸಮಾಧಾನಕ್ಕೆ ಅಂದಳು. ಮಗಳು ಕಣ್ಣು ಮುಚ್ಚಿಕೊಂಡೇ, ಅತ್ತೆ, ನಿಮಗೂ ಇಂಥದೇ ಲಕ್ಷಣ ಬೇಕಾ, ಪಕ್ಕದ ಮಂಚ ಖಾಲಿ ಇದೆ, ಅಂದಳು. ದೇವರೇ, ನಿನ್ನ ಹತ್ತಿರ ನಾನು ಜಗಳ ಆಡಿದವಳಲ್ಲ, ನೀನು ಕೊಟ್ಟೆ, ನಾನು ಕೈ ಮುಗಿದೆ, ನೀನು ತೆಗೆದುಕೊಂಡೆ, ಆಗಲೂ ಕೈ ಮುಗಿದೆ, ಇನ್ನೂ ಮುಗಿಯುತ್ತಲೇ ಇದ್ದೇನೆ, ಆದರೆ ಒಂದು ಮಾತು ಹೇಳು, ಆನೆಯನ್ನು ಮಾಡುವಾಗ ನೀನು ಯಾರನ್ನಾದರೂ ಕೇಳಿದೆಯಾ, ಸೊಂಟ ಒಂದು ಬೆರಳು ಒಳಗೆ ತೆಗೆಯಲೇ ಅಂತ. ಕಾಯಿಲೆ ಅವಳನ್ನು ಒಂದೊಂದೇ ಬೆರಳು ಒಳಕ್ಕೆ ತೆಗೆದುಕೊಂಡಿತು, ನಾನು ಮಂಚದ ಪಕ್ಕ ಕೂತು ನೋಡಿದೆ, ಅಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ನಿಬ್ಬಿದೆ. ಹೆಸರು ಉಳಿಯಬೇಕಂತೆ ಹೆಸರು, ಅವಳು ಬರೆಯದ ಹೊಟ್ಟೆಯ ಕೆಳಗೆ ಅವಳ ಹೆಸರು ಇಟ್ಟುಕೊಂಡು ನಾನೇನು ಮಾಡಲಿ, ಬೇರೆಯವರ ಹತ್ತಿರ ಬರೆಸಿಕೊಳ್ಳಲಿ, ಒಳಗಿನ ಪುಟದಲ್ಲಿ ಚೀಟಿಯಷ್ಟು ಚಿಕ್ಕದಾಗಿ ಹಾಕಲಿ, ಚೀಟಿಯಷ್ಟಿದ್ದರೂ ಹೊಟ್ಟೆ ಹೊಟ್ಟೆಯೇ. ಒಂದು ಬೆರಳು ಹೊರಕ್ಕೇ ತೆಗೆದುಬಿಡಲೇ, ನೋಡಿಕೊಳ್ಳಲಿ ಎಲ್ಲರೂ — ಬೇಡ, ಅದೂ ಅವಳದಲ್ಲ, ಅದು ನನ್ನ ಸಿಟ್ಟಿನ ಹೊಟ್ಟೆ, ಗೆರೆ ಅಳೆದವನದು, ನನ್ನದಲ್ಲ, ಕೂದಲಷ್ಟೂ ಆಚೆ ಇಲ್ಲ, ಕೂದಲಷ್ಟೂ ಈಚೆ ಇಲ್ಲ. ಅದ್ದು. ಅಂಚಿಗೆ ಒರೆಸು. ಉಸಿರು ಹಿಡಿ. ಪಟ್ಟಿಯ ಮೇಲಿನಿಂದ, ದಾಟಿತು, ಮುಂದಕ್ಕೆ, ಇನ್ನೂ ಮುಂದಕ್ಕೆ, ಅವಳು ಎಷ್ಟು ಹೋದಳೋ ಅಷ್ಟು, ಇಲ್ಲಿ ಪೆನ್ಸಿಲ್ ಒತ್ತಿದ್ದಾಳೆ, ನಾನೂ ಒತ್ತುತ್ತೇನೆ, ಈಗ ಕೆಳಕ್ಕೆ, ತಿರುವು, ಕೈ ನಡುಗಲಿಲ್ಲ, ಮಗಳೇ, ನಡುಗಲಿಲ್ಲ. ಬಾಗಿಲಲ್ಲಿ ನೆರಳು, ಅಮ್ಮ, ಆಯ್ತಾ? ಆಯ್ತಪ್ಪ, ಮುಟ್ಬೇಡ, ಇನ್ನೂ ಒದ್ದೆ ಇದೆ. ಅವನು ನೋಡುತ್ತಿದ್ದಾನೆ, ಹಿಂದೆ ತಮ್ಮ, ಅವನೂ ನೋಡುತ್ತಿದ್ದಾನೆ, ಪಟ್ಟಿಯ ಮೇಲೆ ಹೊಟ್ಟೆ, ಉಂಡು ಬಂದ ಹೊಟ್ಟೆ, ಪಟ್ಟಿಯ ಮೇಲೆ, ಕಪ್ಪಗೆ, ಹೊಟ್ಟೆ