ಸಹಿ ಹಾಕಿಟ್ಟ ಹಾಳೆಗಳು

ಬೆಳಿಗ್ಗೆ ಏಳು ಗಂಟೆಗೆ ನಾನು ಸೀಲು ಹೊಡೆಯುತ್ತಿದ್ದೆ. ಎದುರಿಗೆ ಕೂತ ಮಾವ ಒಂದೊಂದೇ ಹಾಳೆಗೆ ಸಹಿ ಹಾಕಿ ನನ್ನ ಕಡೆ ತಳ್ಳುತ್ತಿದ್ದರು. ದಿನಕ್ಕೆ ಮೂವತ್ತು ಹಾಳೆ. ಆ ಹೊತ್ತಿನಲ್ಲಿ ನಾವು ಮಾತಾಡುವುದಿಲ್ಲ. ಹಾಳೆಯ ಮೇಲ್ಗಡೆ ಅವರ ಹೆಸರು, ನಗರಸಭಾ ಸದಸ್ಯರು ಎಂಬ ಅಚ್ಚು. ಕೆಳಗೆ ಸಹಿ. ನಡುವೆ ಖಾಲಿ.

ಆ ಖಾಲಿ ತುಂಬುವುದು ನನ್ನ ಕೆಲಸ. ಮಗುವಿಗೆ ಶಾಲೆ, ಮನೆಗೆ ನಲ್ಲಿ, ಬೀದಿಗೆ ದೀಪ, ಯಾರು ಏನು ಕೇಳಿ ಬರುತ್ತಾರೋ ಅದನ್ನು ಬರೆದುಕೊಡುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ಮಾತ್ರ ದುಂಡಗಿದೆ. ಮಾವ ಓದಿ ನೋಡುವುದಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ಬರೀ ವಕೀಲರಾಗಿದ್ದಾಗ ಒಂದು ಅರ್ಜಿಯನ್ನು ಮೂರು ಸಲ ಓದುತ್ತಿದ್ದರಂತೆ. ಬೀದಿಯವರ ಕೇಸು ನಡೆಸಿ ನಡೆಸಿ ಮೆಂಬರಾದರು, ಎರಡು ಸಲ. ಆಮೇಲೆ ನಮ್ಮ ಸಮಾಜದ ಸಂಘಕ್ಕೂ ಅಧ್ಯಕ್ಷರಾದರು. ಮದುವೆ, ಸಾವು, ಚರಂಡಿ, ಉದ್ಘಾಟನೆ ಎಂದು ದಿನಕ್ಕೆ ಹತ್ತು ಕಡೆ ಹೋಗಿ ಬಂದು, ಬಗ್ಗಿ ಬೂಟು ಬಿಚ್ಚಲೂ ಆಗದೆ ಕುರ್ಚಿಯಲ್ಲಿ ಹಾಗೇ ಕೂತಿರುತ್ತಾರೆ. ಕರಿಕೋಟು ನಾಲ್ಕು ವರ್ಷದಿಂದ ಬಾಗಿಲ ಹಿಂದಿನ ಮೊಳೆಯಲ್ಲಿದೆ.

"ವಕೀಲ್ರೇ, ಒಳಗೆ ಬರ್‍ಲಾ?"

ಮಾವನನ್ನು ಈಗಲೂ ಹಾಗೆ ಕರೆಯುವವರು ದರ್ಜಿ ತಾತ ಒಬ್ಬರೇ. ಆ ಕೋಟು ಹೊಲಿದವರು ಅವರು. ಸಂಘದ ಕಟ್ಟಡದ ಮುಂದೆ ಅವರ ತಗಡಿನ ಪೆಟ್ಟಿಗೆ ಅಂಗಡಿ. ಇಪ್ಪತ್ತೆರಡು ವರ್ಷದ ಹಿಂದೆ ನಗರಸಭೆ ಅದನ್ನು ಕೀಳಲು ಬಂದಾಗ ಮಾವ ಕೋರ್ಟಿನಲ್ಲಿ ಉಳಿಸಿಕೊಟ್ಟಿದ್ದರು. ಅದೇ ಅವರ ಮೊದಲ ಗೆಲುವು.

ತಾತ ನಗರಸಭೆಯ ಒಂದು ನೋಟಿಸನ್ನು ಮೇಜಿನ ಮೇಲಿಟ್ಟರು. "ನಾಳೆ ಹತ್ತು ಗಂಟೆಗೆ ಕೀಳ್ತಾರಂತೆ. ನಿಮ್ಮ ಕಾಗದ ನೋಡೇ ಕೀಳ್ತಿರೋದಂತೆ. ನಾನು ನಂಬ್ಲಿಲ್ಲ."

ನೋಟಿಸಿಗೆ ಆ ಕಾಗದದ ಪ್ರತಿ ಅಂಟಿಸಿತ್ತು. ದುಂಡಗಿನ ಅಕ್ಷರ. ನನ್ನದು.

ಮೂರು ವಾರದ ಹಿಂದೆ ಅದನ್ನು ಹೇಳಿ ಬರೆಸಿದವರು ಸಂಘದ ಕಾರ್ಯದರ್ಶಿ. 'ಕಟ್ಟಡದ ಮುಂದಿನ ಪೆಟ್ಟಿಗೆ ಅಂಗಡಿಗಳನ್ನು ತೆರವುಗೊಳಿಸುವುದು.' ಅಲ್ಲಿರುವುದು ಒಂದೇ ಅಂಗಡಿ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದಿದ್ದೆ. "ಬರಿಯಮ್ಮಾ, ಹೊತ್ತಾಯ್ತು" ಎಂದರು. ಬರೆದೆ.

ಆ ಕಾರ್ಯದರ್ಶಿ ಅಲ್ಲೇ ಸೋಫಾದಲ್ಲಿ ಟೀ ಕುಡಿಯುತ್ತಿದ್ದರು. "ಏನ್ ತಾತ, ಕಟ್ಟಡಕ್ಕೆ ದೊಡ್ಡ ಗೇಟ್ ಬೇಡ್ವಾ? ಈಗಿರೋದ್ರಲ್ಲಿ ಒಬ್ರು ಹೋದ್ರೆ ಇನ್ನೊಬ್ರು ನಿಂತಿರ್‍ಬೇಕು."

"ನಿಮ್ಮ ಸೊಂಟದ ಅಳತೆ ನನ್ ಪುಸ್ತಕದಲ್ಲೇ ಇದೆ ಸ್ವಾಮಿ. ವರ್ಷಕ್ಕೆ ಎರಡಿಂಚು. ಗೇಟ್ ಯಾರಿಗೆ ಸಾಲ್ತಿಲ್ಲ ಅಂತ ನಂಗೊತ್ತು."

ನಗು ಬಂತು, ತಡೆದುಕೊಂಡೆ. ಮಾವ ನಗಲಿಲ್ಲ. ಕಾಗದವನ್ನು ಓದುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ. ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಆಗಿನ ಕೋರ್ಟ್ ಆರ್ಡರ್ ಇದ್ಯಲ್ಲ ವಕೀಲ್ರೇ?" ತಾತ ಕೇಳಿದರು. "ಅದನ್ನೇ ಹಿಡ್ಕೊಂಡು ನಾಳೆ ಬೆಳಿಗ್ಗೆ ಕೋಟ್ ಹಾಕ್ಕೊಂಡು ಬನ್ನಿ. ಗುಂಡಿ ಸಡ್ಲ ಆಗಿದ್ರೆ ಈಗ್ಲೇ ಹಾಕ್ಕೊಡ್ತೀನಿ."

"ಆ ಆರ್ಡರಲ್ಲಿ ಏನಿದೆ ಗೊತ್ತಾ ತಾತ?" ಮಾವ ಕಾಗದ ಕೆಳಗಿಟ್ಟರು. "ಬೀದಿಯವರ ತಕರಾರು ಇಲ್ಲದಿರೋ ತನಕ ಅಂಗಡಿ ಇರಬಹುದು ಅಂತ. ಆ ಮಾತು ಸೇರಿಸಿ ಅಂತ ವಾದ ಮಾಡಿದ್ದು ನಾನೇ. ಆಗ ಯಾರ ತಕರಾರೂ ಇರ್‍ಲಿಲ್ಲ. ಈಗ ಬಂದಿದೆ, ಬೀದಿಯ ಮೆಂಬರ್ ಆಗಿ ನಂದೇ. ನನ್ ಕಾಗದದ ಮೇಲೆ ನಾನೇ ಹೇಗೆ ವಾದ ಮಾಡ್ಲಿ?"

"ಹಾಗಾದ್ರೆ ವಾಪಸ್ ತಗೊಳ್ಳಿ."

"ವಾಪಸ್ಸಾ?" ಕಾರ್ಯದರ್ಶಿ ಲೋಟ ಕೆಳಗಿಟ್ಟರು. "ಎಲೆಕ್ಷನ್‍ಗೆ ಮೂರು ತಿಂಗಳಿದೆ ಅಧ್ಯಕ್ಷರೇ. ಸಂಘದ ಗೇಟಿಗೆ ಅಡ್ಡ ಬಂದ್ರಿ ಅಂತ ಗೊತ್ತಾದ್ರೆ ನಮ್ಮವರೇ ನಿಮ್ಮ ಕುರ್ಚಿ ಎಳೀತಾರೆ."

ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಳೆದರೆ ಎಳೆಯಲಿ ಎಂದಾರು ಎಂದು ಕಾದೆ. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದರು.

"ಯೋಚ್ನೆ ಮಾಡೋಣ ತಾತ."

"ಬಟ್ಟೆ ಕತ್ತರಿಸಿದ ಮೇಲೆ ಅಳತೆ ತಗೊಂಡ ಹಾಗಾಯ್ತು ಇದು" ಎಂದು ತಾತ ನಿಧಾನಕ್ಕೆ ಎದ್ದರು. ಬಾಗಿಲ ಹತ್ತಿರ ಕೋಟಿನ ತೋಳು ಹಿಡಿದು ಹೊಲಿಗೆ ನೋಡಿದರು. ಹೊಲಿಗೆ ಬಿಟ್ಟಿರಲಿಲ್ಲ. ತಿರುಗಿದಾಗ ಅವರ ಕಣ್ಣು ನನ್ನ ಮುಂದಿನ ಹಾಳೆಗಳ ಮೇಲೆ ಬಿತ್ತು. ಹತ್ತಿರ ಬಂದು ನಿಂತರು.

"ಮಗಳೇ, ಇದ್ರಲ್ಲೆಲ್ಲ ಸಹಿ ಇದ್ಯಲ್ಲ. ತಕರಾರು ಇಲ್ಲ ಅಂತ ಬರ್ದುಕೊಡು."

ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಬರೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕಾರ್ಯದರ್ಶಿ ಸೋಫಾದ ಅಂಚಿಗೆ ಸರಿದರು. ಮೂವತ್ತನೆಯ ಹಾಳೆಯ ಸೀಲು ಇನ್ನೂ ಒಣಗಿರಲಿಲ್ಲ. ನನ್ನ ಪೆನ್ನು ನನ್ನ ಕೈಯಲ್ಲೇ ಇತ್ತು.

"ಒಂದೇ ಸಾಲು ಸಾಕು, ಬರ್ದುಕೊಡಮ್ಮಾ" ಎಂದರು ತಾತ.